ಡಂಬಳದ ಹಾದಿಯಲ್ಲಿ ಬಾಲದ ಚುಕ್ಕಿ

ಹುಬ್ಬಳ್ಳಿಯಿಂದ ಗದಗಿಗೆ ಹೋದದ್ದರಲ್ಲಿ ಹೇಳುವಂಥದ್ದೇನಿಲ್ಲ. ಲಾಡ್ಜಿನ ಗೇಟಿನ ಸಂಗತಿ ಮಾತ್ರ ಇನ್ನೂ ಹೊಟ್ಟೆಯಲ್ಲಿ ಕುದಿಯುತ್ತದೆ. ನಸುಕಿನ ನಾಲ್ಕಕ್ಕೆ ಬೈಕ್ ತೆಗೆಯಬೇಕೆಂದು ರಾತ್ರಿಯೇ ಹೇಳಿದ್ದೆ. ಕೀಲಿ ಇಟ್ಟುಕೊಂಡವ ಮನೆಗೆ ಹೋಗಿ ಮಲಗಿಬಿಟ್ಟಿದ್ದ! ಮುಕ್ಕಾಲು ತಾಸು ಹಾಳು. ಧೂಮಕೇತು ನೋಡಲು ಹೊರಟವರು ಗಾಡಿಯನ್ನು ರಾತ್ರಿಯೇ ಗೇಟಿನ ಹೊರಗೆ ನಿಲ್ಲಿಸಿರಿ.

ಅವತ್ತು 2024ರ ಅಕ್ಟೋಬರ್ 2, ಮಹಾಲಯ ಅಮಾವಾಸ್ಯೆ. ಡಂಬಳದ ಸಮೀಪ ಎರೆಹೊಲದ ಬದುವಿನಲ್ಲಿ ನಿಂತಾಗ ಐದೂವರೆ. ಮೂಡಲಲ್ಲಿ, ಬೆಳಕು ಹರಿಯುವ ಅಂಚಿನ ಮೇಲೆ ಅದು ಕಂಡಿತು: ತ್ಸುಚಿನ್‌ಶಾನ್-ಅಟ್ಲಾಸ್. ಹೆಸರು ನಾಲಿಗೆಗೆ ಹೊರಳದು. ದುರ್ಬೀನಿನಲ್ಲಿ ಮಾತ್ರ ಸುಣ್ಣದ ಬೆರಳಿಂದ ಗೀಚಿದಂಥ ಬಾಲ.

"ಏನ್ ನೋಡಾಕತ್ತೀರಿ?" ಪಕ್ಕದ ಹೊಲದಲ್ಲಿ ಹಟ್ಟಿ ಹಾಕಿದ್ದ ಕುರಿಗಾಹಿ ಅಜ್ಜ. ದುರ್ಬೀನು ಕೊಟ್ಟೆ. ಮಂಜುಗಡ್ಡೆ, ಧೂಳಿನ ಉಂಡೆ ಎಂದೆ.

"ಮಂಜುಗಡ್ಡಿ ಆದ್ರ ಸೂರ್ಯಾನ ಹತ್ರ ಕರಗಂಗಿಲ್ಲೇನು?"

ಆ ಬಾಲವೇ ಅದು, ಬಿಸಿಲಿಗೆ ಎದ್ದ ಆವಿ ಮತ್ತು ಧೂಳು. ಐದು ದಿನದ ಹಿಂದಷ್ಟೇ ಸೂರ್ಯನನ್ನು ಸುತ್ತಿ ಬಂದಿತ್ತು.

"ಊರು ಯಾವ್ದು?"

ನೆಪ್ಚೂನ್ ಗ್ರಹದಾಚೆ ಇಂಥ ಮಂಜುಗಡ್ಡೆಗಳು ಸುತ್ತುವ ಕೈಪರ್ ಪಟ್ಟಿಯನ್ನಾದರೂ ಕಂಡಿದ್ದೇವೆ. 2019ರ ಜನವರಿ 1ರಂದು ನ್ಯೂ ಹೊರೈಜನ್ಸ್ ನೌಕೆ ಅಲ್ಲಿನ ಅರೋಕಾತ್ ಎಂಬ ಗಡ್ಡೆಯ ಪಕ್ಕ ಹಾಯ್ದು ತೆಗೆದ ಚಿತ್ರ ಮೊಬೈಲಿನಲ್ಲಿತ್ತು. "ಶೇಂಗಾ ಕಾಯಿ ಇದ್ದಂಗೈತಿ" ಎಂದ ಅಜ್ಜ. ಇದರ ಊರು ಅದಕ್ಕಿಂತ ಎಷ್ಟೋ ಆಚೆ, ಸೌರವ್ಯೂಹವನ್ನು ಸುತ್ತುವರಿದ ಮಂಜುಗಡ್ಡೆಗಳ ರಾಶಿ, ಊರ್ಟ್ ಮೋಡ. 1977ರಲ್ಲಿ ಹೊರಟ ವಾಯೇಜರ್-1 ನೌಕೆ ಅದರ ಒಳ ಅಂಚು ಮುಟ್ಟಲು ಇನ್ನೂ ಸುಮಾರು 300 ವರ್ಷ ಬೇಕು. ಅಲ್ಲೇ ಇರುವ ಒಂದು ಗಡ್ಡೆಯನ್ನೂ ಯಾರೂ ನೋಡಿಲ್ಲ. 1950ರಲ್ಲಿ ಖಗೋಳ ವಿಜ್ಞಾನಿ ಯಾನ್ ಊರ್ಟ್ ಧೂಮಕೇತುಗಳ ಹಾದಿ ಲೆಕ್ಕಹಾಕಿ ಇಂಥದ್ದೊಂದು ಕಣಜ ಇರಲೇಬೇಕೆಂದರು.

"ಅಂದ್ರ ಹಟ್ಟಿ ನೋಡ್ಲಾರ್ದ, ರಸ್ತಾದಾಗ ಒಂದ್ ಕುರಿ ಕಂಡು ಹಿಂಡು ಐತಿ ಅಂದಂಗಾತು!"

ಹೌದೆಂದೆ. ಇಷ್ಟು ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಮತ್ತ ಹಿಂಡು ಬಿಟ್ಟು ಬಂದದ್ಯಾಕ?"

ಹತ್ತಿರ ಹಾಯ್ದ ನಕ್ಷತ್ರವೊಂದು ಎಳೆದಿರಬಹುದು, ಇಲ್ಲವೇ ನಮ್ಮ ಗ್ಯಾಲಕ್ಸಿಯದೇ ಸೆಳೆತ. ಇದನ್ನೇ ಕದಲಿಸಿದ್ದು ಯಾವುದೆಂದು ಹೇಳಲಾಗದು.

"ನಾಯಿ ಬೊಗಳಿದ್ರ ಸಾಕ್ರಿ" ಎಂದ. "ಎಷ್ಟ್ ಅದಾವು?"

ಲಕ್ಷ ಕೋಟಿಯಷ್ಟಿರಬಹುದು ಎಂಬ ಅಂದಾಜಿದೆ.

"ಎಣಿಸಿದವ್ರು?"

ಯಾರೂ ಇಲ್ಲ. ಅಜ್ಜ ನಕ್ಕು, ದುರ್ಬೀನು ಕೈಗಿಟ್ಟು, ಹಟ್ಟಿಯ ಬಲೆ ಸರಿಸಿದ. ಕುರಿಗಳು ಒಂದೊಂದಾಗಿ ಹೊರಬಂದವು. ಅವನು ಜೋರಾಗಿ ಎಣಿಸತೊಡಗಿದ. ನಲವತ್ತು ದಾಟುವಷ್ಟರಲ್ಲಿ ಬೆಳಕು ಬಾಲವನ್ನು ನುಂಗಿತ್ತು.