ಸರಳ ಆಂಪಿನ ಮುಂದೆ ಯಾವ ಪೆಡಲ್, ಗಿಟಾರಲ್ಲಿ ಏನು ರಿಪೇರಿ

ಯಾವ ಓವರ್‌ಡ್ರೈವ್ (ಗಿಟಾರ್ ಸದ್ದನ್ನು ಒರಟು ಮಾಡುವ ಪೆಡಲ್) ಒಳ್ಳೇದು ಅಂತ ಕೇಳುವವರಿಗೆ ಮೊದಲು ಹಾಕಬೇಕಾದ ಮರುಪ್ರಶ್ನೆ ಒಂದಿದೆ: ಆಂಪ್ ಯಾವುದು, ಅದನ್ನು ಎಷ್ಟು ಜೋರಾಗಿ ಇಡ್ತೀರಿ? ಒಂದೇ ಪೆಡಲ್ ಒಂದು ಆಂಪಿನ ಮುಂದೆ ಮೈತುಂಬಿ ಹಾಡುತ್ತೆ, ಇನ್ನೊಂದರ ಮುಂದೆ ಮೂಗಲ್ಲಿ ರಾಗ ಎಳೆಯುತ್ತೆ. ವಿಡಿಯೊದಲ್ಲಿ ಕೇಳಿ ಮೆಚ್ಚಿದ ಪೆಡಲ್ ಮನೆಗೆ ಬಂದಮೇಲೆ ಸಪ್ಪೆ ಅನ್ನಿಸೋದಕ್ಕೆ ಬಹುಪಾಲು ಇದೇ ಕಾರಣ. ಈ ಬರಹ ಸರಳ ಆಂಪ್ ಇಟ್ಟುಕೊಂಡವರಿಗೆ. ಒಂದೇ ಚಾನೆಲ್, ಎರಡು ಮೂರು ಗುಂಡಿ, ಮಾಸ್ಟರ್ ವಾಲ್ಯೂಮ್ ಇಲ್ಲ, ಎಫೆಕ್ಟ್ಸ್ ಲೂಪ್ (ಆಂಪಿನ ನಡುವೆ ಪೆಡಲ್ ಸೇರಿಸುವ ಜಾಕು) ಇಲ್ಲ.

ಇಂಥ ಆಂಪಿಗೆ ಒಳ್ಳೇ ಉದಾಹರಣೆ ಫೆಂಡರ್ ಚಾಂಪ್. ಟ್ವೀಡ್ ಬಟ್ಟೆ ಹೊದಿಸಿದ ಕಾಲದ ಚಾಂಪಿನಲ್ಲಿ ಒಂದು 12ಎಎಕ್ಸ್7 ಪ್ರಿಆಂಪ್ ಟ್ಯೂಬ್, ಒಂದು 6ವಿ6 ಪವರ್ ಟ್ಯೂಬ್, ಒಂದು ರೆಕ್ಟಿಫೈಯರ್ ಟ್ಯೂಬ್, 8 ಇಂಚಿನ ಸ್ಪೀಕರ್, ವಾಲ್ಯೂಮ್ ಗುಂಡಿ. ಅಷ್ಟೇ, ಬಾಸ್-ಟ್ರೆಬಲ್ ಕೂಡ ಇಲ್ಲ. ಸುಮಾರು 5 ವಾಟ್ ಕೊಡುತ್ತೆ. 5 ವಾಟ್ ಅಂದರೆ ಪಕ್ಕದ ಮನೆಗೆ ಕೇಳಿಸಲ್ಲ ಅಂದುಕೊಳ್ಳುವವರು ಬಹಳ ಜನ. ವಾಟ್ ಹತ್ತು ಪಟ್ಟಾದರೆ ಏರೋದು 10 ಡೆಸಿಬೆಲ್, ಕಿವಿಗೆ ಅದು ಸುಮಾರು ಎರಡು ಪಟ್ಟು ಜೋರು ಅನ್ನಿಸುತ್ತೆ. ಅಂದರೆ 50 ವಾಟಿನ ಆಂಪಿಗಿಂತ 5 ವಾಟಿನದು ಅರ್ಧ ಜೋರಿನದು, ಹತ್ತನೇ ಒಂದು ಪಾಲಿನದಲ್ಲ. ನಿಜವಾದ ವ್ಯತ್ಯಾಸ ಇರೋದು ಎಲ್ಲಿಯವರೆಗೆ ಒಡೆಯದೆ (ಸದ್ದು ಹರಿದು ಒರಟಾಗದೆ) ಕ್ಲೀನ್ ಆಗಿ ಉಳಿಯುತ್ತೆ ಅನ್ನೋದರಲ್ಲಿ. ಚಿಕ್ಕ ಆಂಪ್ ಬೇಗ ಒಡೆಯುತ್ತೆ, ಡ್ರಮ್ಮಿನ ಪಕ್ಕದಲ್ಲಿ ಅದರಿಂದ ಕ್ಲೀನ್ ಸದ್ದು ಹೊರಡಿಸೋದು ಕಷ್ಟ.

ಜೋರು ಸಾಲದು ಅನ್ನಿಸಿದರೆ ದೊಡ್ಡ ಆಂಪ್ ಕೊಳ್ಳುವ ಮುಂಚೆ ಸ್ಪೀಕರಿನ ಸೆನ್ಸಿಟಿವಿಟಿ (ಒಂದು ವಾಟಿಗೆ ಎಷ್ಟು ಜೋರು ಅನ್ನುವ ಅಳತೆ) ನೋಡಿ. 97 ಡೆಸಿಬೆಲಿನದನ್ನು ತೆಗೆದು 100 ಡೆಸಿಬೆಲಿನದು ಹಾಕಿದರೆ ಅದು ವಾಟ್ ಎರಡು ಪಟ್ಟು ಮಾಡಿದ್ದಕ್ಕೆ ಸಮ. ಓಮ್ ಮಾತ್ರ ಹೊಂದಬೇಕು: 8 ಓಮ್ ಅಂತ ಬರೆದ ಆಂಪಿಗೆ 8 ಓಮಿನದೇ. ಟ್ಯೂಬ್ ಆಂಪನ್ನು ಸ್ಪೀಕರ್ ಕಳಚಿ ಚಾಲೂ ಮಾಡಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಒಳಗೆ ಕೈ ಹಾಕೋದಂತೂ ಗೊತ್ತಿದ್ದವರ ಕೆಲಸ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರುಗಳಲ್ಲಿ ಜೀವ ತೆಗೆಯುವಷ್ಟು ವೋಲ್ಟ್ ಉಳಿದಿರುತ್ತೆ.

ಈಗ ಪೆಡಲ್. ಡೀಲಕ್ಸ್ ರಿವರ್ಬ್ ಥರದ ಆಂಪುಗಳಲ್ಲಿ (22 ವಾಟ್, ಎರಡು 6ವಿ6, 12 ಇಂಚಿನ ಸ್ಪೀಕರ್) ಟೋನ್ ಸರ್ಕ್ಯೂಟ್ ಮಿಡ್ಡನ್ನು (ನಡುವಿನ ಸ್ವರಗಳನ್ನು) ತಗ್ಗಿಸಿರುತ್ತೆ. ಆ ಹಳ್ಳ ತುಂಬೋಕೆ ಐಬನೆಜ್ ಟ್ಯೂಬ್ ಸ್ಕ್ರೀಮರ್ ಓವರ್‌ಡ್ರೈವ್ ಹೇಳಿ ಮಾಡಿಸಿದ ಹಾಗಿದೆ. ಅದರಲ್ಲಿ ಸಿಗ್ನಲ್ಲಿನ ತುದಿ ಕತ್ತರಿಸುವ ಕ್ಲಿಪ್ಪಿಂಗ್ ಡಯೋಡುಗಳು ಆಪ್-ಆಂಪ್ ಚಿಪ್ಪಿನ ಫೀಡ್‌ಬ್ಯಾಕ್ ದಾರಿಯಲ್ಲೇ ಕೂತಿರುತ್ತವೆ, ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳಿಗೆ ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ಕಮ್ಮಿ. ಹಾಗಾಗಿ ದಪ್ಪ ತಂತಿಗಳು ಕೆಸರಾಗಲ್ಲ, ನಡುವಿನ ಸ್ವರಗಳು ಮುಂದೆ ಬರುತ್ತವೆ. ಅದನ್ನೇ ಸ್ವತಂತ್ರ ಡಿಸ್ಟಾರ್ಷನ್ ಥರ ಬಳಸಿದರೆ ಸಾಧಾರಣ ಪೆಡಲ್. ಡ್ರೈವ್ ಗುಂಡಿ ಗಡಿಯಾರದ ಲೆಕ್ಕದಲ್ಲಿ 8-9 ಗಂಟೆಗೆ, ಲೆವೆಲ್ 2-3 ಗಂಟೆಗೆ, ಟೋನ್ ನಟ್ಟನಡುವೆ. ಆಂಪನ್ನು ಆಗಲೇ ಒಡೆಯುವ ಅಂಚಿಗೆ ತಂದಿಟ್ಟಿರಬೇಕು. ಆಗ ಒಡೆಯೋದು ಆಂಪಿನ ಟ್ಯೂಬು, ಪೆಡಲ್ ಹಿಂದಿನಿಂದ ತಳ್ಳುತ್ತೆ ಅಷ್ಟೇ.

ಅದೇ ಪೆಡಲನ್ನು ಮೊದಲೇ ಮಿಡ್ ತುಂಬಿದ ಟ್ವೀಡ್ ಆಂಪಿಗೆ ಹಾಕಿ ನೋಡಿ, ನೆಗಡಿಯಾದ ಸದ್ದು. ಅಲ್ಲಿಗೆ ಹೊಂದೋದು ಟ್ರೆಬಲ್ ಬೂಸ್ಟರ್ ಅಥವಾ ಇಡೀ ಸ್ವರಶ್ರೇಣಿಯನ್ನು ಸಮನಾಗಿ ಎತ್ತುವ ಕ್ಲೀನ್ ಬೂಸ್ಟ್. ಡಲ್ಲಾಸ್ ರೇಂಜ್‌ಮಾಸ್ಟರ್ ಅನ್ನುವ ಟ್ರೆಬಲ್ ಬೂಸ್ಟರಿನ ಸರ್ಕ್ಯೂಟಿನಲ್ಲಿ ಇರೋದು ಒಂದೇ ಜರ್ಮೇನಿಯಂ ಟ್ರಾನ್ಸಿಸ್ಟರ್, ಬಾಸ್ ಕತ್ತರಿಸೋಕೆ ಇನ್‌ಪುಟ್ಟಿನಲ್ಲಿ ಸುಮಾರು 5 ನ್ಯಾನೋಫ್ಯಾರಡ್ ಕೆಪಾಸಿಟರ್. ಬೆಸುಗೆ ಬರುವವರು ಅದರ ಜಾಗದಲ್ಲಿ 10 ನ್ಯಾನೋಫ್ಯಾರಡ್ ಹಾಕಿದರೆ ಕಿರುಚಾಟ ಇಳಿದು ಮಿಡ್ ಬೂಸ್ಟರ್ ಆಗುತ್ತೆ. ಬಿಗ್ ಮಫ್ (ಫಝ್, ಅಂದರೆ ಸದ್ದನ್ನು ಪೂರ್ತಿ ಒರಟು ಮಾಡುವ ಪೆಡಲ್) ಇದಕ್ಕೆ ಪೂರ್ತಿ ಉಲ್ಟಾ: ಮಿಡ್ ತಗ್ಗಿಸಿ ಬಾಸ್ ಉಬ್ಬಿಸುತ್ತೆ. ಒಬ್ಬರೇ ಕೂತು ನುಡಿಸುವಾಗ ಭರ್ಜರಿ. 8 ಇಂಚಿನ ಸ್ಪೀಕರಿಗೆ ಆ ಬಾಸ್ ತಡೆಯೋಕೆ ಆಗಲ್ಲ, ಬ್ಯಾಂಡಿನ ಮಧ್ಯೆ ಗಿಟಾರ್ ಎಲ್ಲಿ ಹೋಯ್ತು ಅಂತ ಹುಡುಕಬೇಕಾಗುತ್ತೆ. ಪ್ರೋಕೋ ರ‍್ಯಾಟ್ ಡಿಸ್ಟಾರ್ಷನ್ ಎರಡೂ ಥರದ ಆಂಪಿಗೆ ಸಲ್ಲುತ್ತೆ, ಆದರೆ ಅದರ ಫಿಲ್ಟರ್ ಗುಂಡಿ ತಿರುಗಿಸಿದಷ್ಟೂ ಟ್ರೆಬಲ್ ಕಮ್ಮಿಯಾಗುತ್ತೆ, ಬೇರೆ ಪೆಡಲುಗಳ ಟೋನ್ ಗುಂಡಿಗೆ ವಿರುದ್ಧ ದಿಕ್ಕು. ಗೊತ್ತಿಲ್ಲದೆ ಬೈಯುವವರುಂಟು.

ಸರಳ ಆಂಪಿಗೆ ಅತ್ಯಂತ ಹತ್ತಿರದ ನೆಂಟ ಫಝ್ ಫೇಸ್. 1966ರಲ್ಲಿ ಆರ್ಬಿಟರ್ ಕಂಪನಿ ತಂದದ್ದು, ಎರಡು ಟ್ರಾನ್ಸಿಸ್ಟರ್, ಎರಡು ಗುಂಡಿ. ಅದರ ಇನ್‌ಪುಟ್ ಇಂಪೀಡೆನ್ಸ್ (ಬರುವ ಸಿಗ್ನಲ್ಲಿಗೆ ಒಡ್ಡುವ ತಡೆ) ತೀರ ಕಮ್ಮಿ. ಗಿಟಾರಿನ ಪಿಕಪ್ಪು ನೇರವಾಗಿ ಆ ಸರ್ಕ್ಯೂಟಿನ ಭಾಗವಾಗಿಬಿಡುತ್ತೆ. ಗಿಟಾರಿನ ವಾಲ್ಯೂಮ್ 10ರಲ್ಲಿದ್ದಾಗ ಪೂರ್ತಿ ಫಝ್, 8ಕ್ಕೆ ಇಳಿಸಿದರೆ ಓವರ್‌ಡ್ರೈವ್, 6ರ ಆಸುಪಾಸಿನಲ್ಲಿ ಗಾಜಿನಂಥ ಕ್ಲೀನ್. ಒಂದೇ ಗುಂಡಿಯಲ್ಲಿ ಮೂರು ಚಾನೆಲ್. ಈ ಗುಣ ಇಷ್ಟಪಟ್ಟವರು ಆಮೇಲೆ ಐದಾರು ಡ್ರೈವ್ ಪೆಡಲ್ ಸಾಲಾಗಿ ಇಡೋದು ಕಮ್ಮಿ.

ಆದರೆ ಫಝ್‌ಗಿಂತ ಮೊದಲು ಬಫರ್ (ಸಿಗ್ನಲನ್ನು ಬಲಪಡಿಸಿ ಕಳಿಸುವ ಪುಟ್ಟ ಸರ್ಕ್ಯೂಟ್) ಇದ್ದರೆ ಇದೆಲ್ಲ ಹಾಳು. ಬಾಸ್ (BOSS) ಕಂಪನಿಯ ಬಹುತೇಕ ಪೆಡಲುಗಳು ಆಫ್ ಇದ್ದಾಗಲೂ ಸಿಗ್ನಲನ್ನು ಬಫರ್ ಮೂಲಕವೇ ಕಳಿಸುತ್ತವೆ. ಗಿಟಾರಿಂದ ಅಂಥ ಟ್ಯೂನರ್, ಅಲ್ಲಿಂದ ಫಝ್ ಅಂತ ಜೋಡಿಸಿದರೆ ಸದ್ದು ಒರಟಾಗುತ್ತೆ, ವಾಲ್ಯೂಮ್ ಇಳಿಸಿದರೂ ಕ್ಲೀನ್ ಆಗಲ್ಲ. ಪರಿಹಾರ ಸುಲಭ: ಫಝ್ ಎಲ್ಲಕ್ಕಿಂತ ಮೊದಲು, ಟ್ಯೂನರ್ ಅದರ ನಂತರ. ಇಲ್ಲವೇ ಟ್ರೂ ಬೈಪಾಸ್ (ಆಫ್ ಇದ್ದಾಗ ಸಿಗ್ನಲನ್ನು ನೇರ ದಾಟಿಸುವ) ಟ್ಯೂನರ್. ವಾಹ್ (ಕಾಲಲ್ಲಿ ತುಳಿದು ಸ್ವರದ ಬಣ್ಣ ಬದಲಿಸುವ ಪೆಡಲ್) ಇದ್ದರೆ ತಲೆನೋವು ಸ್ವಲ್ಪ ಜಾಸ್ತಿ. ವಾಹ್ ಔಟ್‌ಪುಟ್ಟನ್ನು ಫಝ್ ಎಳೆದುಹಾಕೋದರಿಂದ ಪೆಡಲ್ ತುಳಿದರೂ ವಾಹ್ ಬಾಯಿ ಬಿಡಲ್ಲ, ಕೆಲವು ಸಲ ಶಿಳ್ಳೆ ಹೊಡೆಯುತ್ತೆ. ವಾಹ್ ಅನ್ನು ಫಝ್ ಆದಮೇಲೆ ಹಾಕಬಹುದು, ಅಥವಾ ವಾಹ್ ಒಳಗೆ ಔಟ್‌ಪುಟ್ಟಿಗೊಂದು ಪುಟ್ಟ ಬಫರ್ ಕೂರಿಸಬಹುದು.

ಜರ್ಮೇನಿಯಂ ಫಝ್‌ಗೆ ಇನ್ನೆರಡು ರಗಳೆ ಇವೆ. ಸೆಕೆ ಏರಿದಂತೆ ಟ್ರಾನ್ಸಿಸ್ಟರಿನ ಸೋರಿಕೆ ಏರಿ ಬಯಾಸ್ (ಟ್ರಾನ್ಸಿಸ್ಟರ್ ಕೆಲಸ ಮಾಡುವ ವೋಲ್ಟಿನ ಹದ) ಜಾರುತ್ತೆ, ಸದ್ದು ಉಸಿರುಗಟ್ಟಿದ ಹಾಗೆ ತುಂಡುತುಂಡಾಗುತ್ತೆ. ಒಳಗೆ ಟ್ರಿಮ್ ಪಾಟ್ (ಹದ ಮಾಡುವ ಪುಟ್ಟ ಗುಂಡಿ) ಇದ್ದರೆ ಎರಡನೇ ಟ್ರಾನ್ಸಿಸ್ಟರಿನ ಕಲೆಕ್ಟರ್ ಸುಮಾರು 4.5 ವೋಲ್ಟಿಗೆ ಬರುವ ಹಾಗೆ ಮೀಟರ್ ಇಟ್ಟು ತಿರುಗಿಸಿ, ಆಮೇಲೆ ಕಿವಿಗೆ ಬೇಕಾದ ಹಾಗೆ ಆಚೀಚೆ. ಎರಡನೆಯದು, ಹಳೇ ವಿನ್ಯಾಸದ, ಪಿಎನ್‌ಪಿ ಟ್ರಾನ್ಸಿಸ್ಟರಿನ ಫಝ್‌ನಲ್ಲಿ ಪಾಸಿಟಿವ್ ತುದಿಯೇ ಗ್ರೌಂಡ್. ಅದನ್ನು ಮಿಕ್ಕ ಪೆಡಲುಗಳ ಜೊತೆ ಒಂದೇ ಡೈಸಿ ಚೈನ್ (ಒಂದು ಅಡಾಪ್ಟರಿಂದ ಹಲವು ಪೆಡಲಿಗೆ ಪವರ್ ಕೊಡುವ) ವೈರಿಗೆ ಸಿಕ್ಕಿಸಿದರೆ ಅಡಾಪ್ಟರ್ ಶಾರ್ಟ್. ಅದಕ್ಕೆ ಬ್ಯಾಟರಿಯೇ ಸೂಕ್ತ, ಎಳೆಯುವ ಕರೆಂಟ್ ಅತ್ಯಲ್ಪ. ಬ್ಯಾಟರಿ ಬೇಗ ಸಾಯ್ತಿದೆ ಅನ್ನುವವರು ನುಡಿಸಿ ಮುಗಿದ ಮೇಲೆ ಇನ್‌ಪುಟ್ ಕೇಬಲ್ ಕೀಳ್ತಿಲ್ಲ ಅಂತ ಅರ್ಥ. ಇನ್‌ಪುಟ್ ಜಾಕ್ ಸ್ಟೀರಿಯೊ ಆಗಿರುತ್ತೆ. ಬ್ಯಾಟರಿಯ ಒಂದು ತುದಿ ಅದರ ನಡು ಎಲೆಗೆ ಬಂದಿರುತ್ತೆ, ಮೋನೋ ಪ್ಲಗ್ ತೂರಿಸಿದ ಕೂಡಲೇ ಆ ಎಲೆ ಗ್ರೌಂಡಿಗೆ ಕೂಡಿ ಪೆಡಲಿಗೆ ಜೀವ ಬರುತ್ತೆ. ಕಾಲಲ್ಲಿ ಒತ್ತಿ ಆಫ್ ಮಾಡಿದರೂ ಒಳಗೆ ಅದು ಉರೀತಾನೇ ಇರುತ್ತೆ.

ಬಫರ್ ಅಂದರೆ ಶತ್ರು ಅಂತಲೂ ತಿಳಿಯಬೇಡಿ. ಗಿಟಾರ್ ಕೇಬಲ್ಲಿಗೆ ಮೀಟರಿಗೆ ಸುಮಾರು 100 ಪೈಕೋಫ್ಯಾರಡ್ ಕೆಪಾಸಿಟೆನ್ಸ್ ಇರುತ್ತೆ. ಗಿಟಾರಿಂದ ಪೆಡಲ್ ಬೋರ್ಡಿಗೆ 5 ಮೀಟರ್, ಬೋರ್ಡಿಂದ ಆಂಪಿಗೆ 5 ಮೀಟರ್, ಮಧ್ಯೆ ಪ್ಯಾಚ್ ಕೇಬಲ್. ಎಲ್ಲ ಪೆಡಲೂ ಟ್ರೂ ಬೈಪಾಸ್ ಆದರೆ 1000 ಪೈಕೋಫ್ಯಾರಡ್ ದಾಟಿದ ಒಂದೇ ಉದ್ದ ಕೇಬಲ್ ಎಳೆದ ಹಾಗೆ. ಮೇಲಿನ ಸ್ವರಗಳ ಹೊಳಪು ಅಲ್ಲೇ ಸೋರಿಹೋಗುತ್ತೆ. ಪರೀಕ್ಷೆ ಹೀಗೆ: 3 ಮೀಟರ್ ಕೇಬಲ್ಲಿನಲ್ಲಿ ಗಿಟಾರನ್ನು ನೇರ ಆಂಪಿಗೆ ಹಾಕಿ ನುಡಿಸಿ, ಆಮೇಲೆ ಎಲ್ಲ ಪೆಡಲ್ ಆಫ್ ಮಾಡಿ ಬೋರ್ಡಿನ ಮೂಲಕ ನುಡಿಸಿ. ಮಂಕಾದರೆ ಫಝ್ ಆದಮೇಲೆ ಒಂದು ಬಫರ್ ಸಾಕು. ನಾಲ್ಕೈದು ಬೇಡ. ಕೆಲವರಿಗೆ ಆ ಮಂಕೇ ಬೇಕಾಗಿರುತ್ತೆ, ತೀಕ್ಷ್ಣವಾದ ಆಂಪಿಗೆ ಬೇಕಂತಲೇ ಉದ್ದದ ಸುರುಳಿ ಕೇಬಲ್ ಹಾಕ್ತಾರೆ. ಅದೂ ಸರಿಯೇ.

ಪವರ್ ವಿಚಾರದಲ್ಲಿ ಜುಗ್ಗತನ ಮಾಡಬಾರದು. ಹೆಚ್ಚಿನ ಪೆಡಲುಗಳಿಗೆ ಬೇಕಾದ್ದು 9 ವೋಲ್ಟ್ ಡಿಸಿ, ನಡು ನೆಗೆಟಿವ್, 2.1 ಮಿಲಿಮೀಟರ್ ಪ್ಲಗ್. ಓವರ್‌ಡ್ರೈವಿಗೆ 5-10 ಮಿಲಿಆಂಪ್ ಸಾಕು, ಡಿಜಿಟಲ್ ಡಿಲೇಗೆ 50-100, ಪರದೆ ಇರುವ ದೊಡ್ಡ ಪೆಡಲುಗಳಿಗೆ 300 ಅಥವಾ ಅದಕ್ಕೂ ಜಾಸ್ತಿ. ಕೂಡಿಸಿ, ಮೂರನೇ ಒಂದು ಪಾಲು ಹೆಚ್ಚುವರಿ ಇರುವ ಹಾಗೆ ಅಡಾಪ್ಟರ್ ತೆಗೆದುಕೊಳ್ಳಿ. ಮೂರು ಓವರ್‌ಡ್ರೈವಿಗೆ ಡೈಸಿ ಚೈನ್ ನಡೆಯುತ್ತೆ. ಅದಕ್ಕೆ ಒಂದು ಡಿಜಿಟಲ್ ಪೆಡಲ್ ಸೇರಿದರೆ ಕೀಂಯ್ ಅನ್ನುವ ಸದ್ದು ಶುರುವಾಗುವ ಸಾಧ್ಯತೆ ಜಾಸ್ತಿ. ಅನುಮಾನ ಬಂದ ಪೆಡಲನ್ನು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಸದ್ದು ನಿಂತರೆ ತಪ್ಪು ಪವರಿನದು, ಪ್ರತಿ ಔಟ್‌ಪುಟ್ ಬೇರೆಬೇರೆ ಐಸೊಲೇಟ್ ಆದ ಸಪ್ಲೈ ಬೇಕು ಅಂತ ಅರ್ಥ. ಮನೆಯಲ್ಲಿ ಬಿದ್ದಿರುವ ಹಳೇ ರೆಗ್ಯುಲೇಟ್ ಆಗದ ಅಡಾಪ್ಟರ್ ಬೇಡ. ಮೈಮೇಲೆ 9 ವೋಲ್ಟ್ ಅಂತ ಬರೆದಿದ್ದರೂ ಲೋಡ್ ಕಮ್ಮಿ ಇದ್ದಾಗ 12ರ ಮೇಲೆ ಕೊಡುತ್ತೆ. ಚಾರ್ಜ್ ಪಂಪ್ (ಒಳಗೆ ವೋಲ್ಟ್ ಬದಲಿಸುವ) ಚಿಪ್ ಇರುವ ಕೆಲವು ಪೆಡಲುಗಳು ಅಷ್ಟಕ್ಕೇ ಸಾಯುತ್ತವೆ. ಹಮ್ ತಪ್ಪಿಸೋಕೆ ಆಂಪಿನ ಅರ್ಥಿಂಗ್ ಪಿನ್ ಕೀಳುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ತಂತಿ ಮುಟ್ಟಿದ ಕೈಗೆ ಶಾಕ್ ಹೊಡೆಯೋದು ಹಾಗೆಯೇ.

ಡಿಲೇ ಬಗ್ಗೆ ಎರಡೇ ಮಾತು. ಲೂಪ್ ಇಲ್ಲದ ಆಂಪ್ ಒಡೆಯುತ್ತಿರುವಾಗ ಮುಂದಿರುವ ಡಿಲೇಯ ಪ್ರತಿಧ್ವನಿಗಳೂ ಒಡೆದು, ಮೂಲ ಸ್ವರದ ಮೇಲೇ ಹತ್ತಿ ಕೂರುತ್ತವೆ. ಮಿಕ್ಸ್ ತಗ್ಗಿಸಿ, ರಿಪೀಟ್ ಒಂದೆರಡು, ಮಂದವಾಗಿ ಮರುಕಳಿಸುವ ಅನಲಾಗ್ ಥರದ್ದು ಆರಿಸಿ.

ಇಷ್ಟೆಲ್ಲ ಆಗಿಯೂ "ಏನೋ ಸರಿಯಿಲ್ಲ" ಅನ್ನಿಸಿದರೆ ಗಿಟಾರಿನ ಕಡೆ ತಿರುಗಿ. ವಾಲ್ಯೂಮ್ ಗುಂಡಿಯನ್ನೇ ನಂಬಿ ನುಡಿಸುವವರಿಗೆ ಬರುವ ಮೊದಲ ದೂರು, ಇಳಿಸಿದರೆ ಸದ್ದು ಮಂಕಾಗುತ್ತೆ ಅನ್ನೋದು. ಆ ಗುಂಡಿಯ ಕೆಳಗಿನ ಪಾಟ್‌ನ ಇನ್‌ಪುಟ್ ಮತ್ತು ನಡು ಕಾಲಿಗೆ 1000 ಪೈಕೋಫ್ಯಾರಡ್ ಕೆಪಾಸಿಟರ್, ಅದಕ್ಕೆ ಸಮಾಂತರವಾಗಿ 150 ಕಿಲೋ ಓಮ್ ರೆಸಿಸ್ಟರ್ ಬೆಸೆಯಿರಿ. ಇದೇ ಟ್ರೆಬಲ್ ಬ್ಲೀಡ್. ಫಝ್ ಬಳಸುವವರು ಮೊದಲು ಮೊಸಳೆ ಕ್ಲಿಪ್ಪಿನಲ್ಲಿ ತಾತ್ಕಾಲಿಕವಾಗಿ ಸಿಕ್ಕಿಸಿ ಕೇಳಿ. ಕ್ಲೀನ್ ಸದ್ದು ತೆಳುವಾಯಿತು ಅನ್ನಿಸಿದರೆ ಬೇಡ.

ಶ್ರುತಿ ನಿಲ್ಲಲ್ಲ ಅಂದ ಕೂಡಲೇ ಹೊಸ ಟ್ಯೂನಿಂಗ್ ಕೀ ಹಾಕಿಸುವ ಅಭ್ಯಾಸವೂ ಇದೆ. ತಪ್ಪು ಬಹುತೇಕ ನಟ್‌ನದು (ನೆಕ್ ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ). 9-42ರ ತಂತಿ ಇದ್ದ ಗಿಟಾರಿಗೆ ಅದಕ್ಕಿಂತ ದಪ್ಪದ 10-46 ಹಾಕಿದಾಗ ನಟ್‌ನ ಹಳೇ ಕಚ್ಚಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತೆ, ಶ್ರುತಿ ಮಾಡುವಾಗ "ಟಿಂಕ್" ಅನ್ನುವ ಸದ್ದು ಅದರದೇ. ನಟ್‌ನ ಹಿಂದೆ, ಹೆಡ್‌ಸ್ಟಾಕಿನ ಕಡೆ ತಂತಿಯನ್ನು ಬೆರಳಲ್ಲಿ ಒತ್ತಿ ಬಿಡಿ. ಸ್ವರ ಮೊದಲಿನ ಜಾಗಕ್ಕೆ ಬರಲಿಲ್ಲ ಅಂದರೆ ಕಚ್ಚು ಹಿಡಿಯುತ್ತಿದೆ. ತಂತಿ ಎತ್ತಿ ಪೆನ್ಸಿಲಿನ ಸೀಸ ಉಜ್ಜಿ. ಸಾಲದಿದ್ದರೆ ಸರಿಯಾದ ದಪ್ಪದ ನಟ್ ಫೈಲಿನಲ್ಲಿ ಅಗಲ ಮಾಡಬೇಕು, ಆಳ ಮುಟ್ಟದೆ. ಆಳ ನೋಡೋದು ಹೀಗೆ: 3ನೇ ಫ್ರೆಟ್‌ನಲ್ಲಿ ತಂತಿ ಒತ್ತಿ ಹಿಡಿದರೆ 1ನೇ ಫ್ರೆಟ್ ಮೇಲೆ ತೆಳು ಕಾಗದದಷ್ಟು ಸಂದು ಉಳಿಯಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಬಿಡಿ ತಂತಿಗಳು ಶ್ರುತಿಯಲ್ಲಿದ್ದರೂ ಮೊದಲ ಮೂರು ಫ್ರೆಟ್‌ಗಳ ಕಾರ್ಡುಗಳು ಏರಿ ಕೇಳಿಸುತ್ತವೆ. 18ಕ್ಕೆ 1ರ (18 ಸಲ ತಿರುಗಿಸಿದರೆ ತಂತಿಯ ಕಂಬ ಒಂದು ಸುತ್ತು) ಕೀ 14ಕ್ಕೆ 1ರದ್ದಕ್ಕಿಂತ ನವಿರಾಗಿ ತಿರುಗುತ್ತೆ ನಿಜ, ಹಿಡಿತ ಜಾಸ್ತಿ ಅಂತೇನಿಲ್ಲ. ಲಾಕಿಂಗ್ ಕೀಯ ಲಾಭ ತಂತಿ ಬೇಗ ಬದಲಿಸಬಹುದು, ಸುತ್ತು ಒಂದಕ್ಕಿಂತ ಕಮ್ಮಿ ಇರೋದರಿಂದ ಸಡಿಲವಾಗಲು ಜಾಗವಿಲ್ಲ.

ಸೆಟಪ್ ಕ್ರಮ ತಪ್ಪಿಸಬೇಡಿ, ಒಂದು ಇನ್ನೊಂದನ್ನು ಕದಲಿಸುತ್ತೆ. ಮೊದಲು ನೆಕ್: 1ನೇ ಫ್ರೆಟ್‌ಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ, 6ನೇ ತಂತಿಯನ್ನು ಕೊನೇ ಫ್ರೆಟ್‌ನಲ್ಲಿ ಒತ್ತಿ, 8ನೇ ಫ್ರೆಟ್ ಮೇಲೆ 0.25 ಮಿಲಿಮೀಟರ್ ಸಂದು ಬರೋವರೆಗೆ ಟ್ರಸ್ ರಾಡ್ (ನೆಕ್ ಒಳಗಿನ ಕಂಬಿ) ಒಂದೊಂದು ಸಲಕ್ಕೆ ಕಾಲು ಸುತ್ತು. ಆಮೇಲೆ 17ನೇ ಫ್ರೆಟ್ ಮೇಲೆ ತಂತಿಯ ಎತ್ತರ ಸುಮಾರು 1.6 ಮಿಲಿಮೀಟರ್. ತೇಲುವ ಟ್ರೆಮೊಲೊ (ತೋಳಿನಿಂದ ಅಲುಗಾಡಿಸುವ ಬ್ರಿಜ್) ಇದ್ದರೆ ಗಿಟಾರ್ ಹಿಂಬದಿಯಲ್ಲಿ ಸ್ಪ್ರಿಂಗ್ ಹಿಡಿದಿರುವ ಕ್ಲಾ ಸ್ಕ್ರೂ ಅರ್ಧ ಸುತ್ತು, ಶ್ರುತಿ, ಮತ್ತೆ ಅರ್ಧ ಸುತ್ತು, ಬ್ರಿಜ್ಜಿನ ಹಿಂಬದಿ ಅಂಚು 3 ಮಿಲಿಮೀಟರ್ ಎದ್ದು ನಿಲ್ಲುವವರೆಗೆ. ತೋಳು ಬಳಸದವರು ಐದು ಸ್ಪ್ರಿಂಗ್ ಹಾಕಿ ಬಿಗಿಮಾಡಿ ಬಾಡಿಗೆ ಕೂರಿಸಿಬಿಡಿ, ಅರ್ಧ ತಾಪತ್ರಯ ಮುಗಿಯಿತು. ಇಂಟೊನೇಷನ್ (ಫ್ರೆಟ್‌ಗಳ ಸ್ವರ ಸರಿಹೊಂದಿಸೋದು) ಕೊನೆಗೆ: 12ನೇ ಫ್ರೆಟ್‌ನ ಹಾರ್ಮೋನಿಕ್‌ಗಿಂತ ಒತ್ತಿದ ಸ್ವರ ಮೇಲಿದ್ದರೆ ಸ್ಯಾಡಲ್ (ಬ್ರಿಜ್ ಮೇಲೆ ತಂತಿ ಕೂರುವ ತುಂಡು) ಹಿಂದಕ್ಕೆ, ಕೆಳಗಿದ್ದರೆ ನಟ್ ಕಡೆಗೆ. ಸ್ಕ್ರೂ ತಿರುಗಿಸಿದಾಗೆಲ್ಲ ಮತ್ತೆ ಶ್ರುತಿ ಮಾಡಿ ಅಳೆಯಿರಿ. ಹಳೇ ತಂತಿಯ ಮೇಲೆ ಈ ಕೆಲಸ ಮಾಡಿದರೆ ಶ್ರಮ ದಂಡ. ತುಕ್ಕು, ಕೊಳೆ ಹತ್ತಿ ತೂಕ ಹೆಚ್ಚುಕಮ್ಮಿಯಾದ ತಂತಿಗೆ ಸ್ಯಾಡಲ್ ಎಲ್ಲಿಟ್ಟರೂ ಎರಡು ಸ್ವರ ಕೂಡಿಬರಲ್ಲ.