ಕಟ್ಟು ಹಾವನ್ನೂ ಬಿಡ್ತೀರಾ?

ಅತ್ತೆ ಹಾಗೆ ಕೇಳಿದ ದನಿ ಭಾನುವಾರದಿಂದ ನನ್ನ ಕಿವಿಯಲ್ಲೇ ಇದೆ.

ನಾದಿನಿ ಮನೆಗೆ ಅಂತ ಚೆನ್ನೈಗೆ ಹೋಗಿದ್ದೆವು. ಮಹಾಬಲಿಪುರದ ದಾರಿಯಲ್ಲಿ, ವಡನೆಮ್ಮೇಲಿಯಲ್ಲಿ ಮೊಸಳೆ ಪಾರ್ಕ್ ಇದೆಯಲ್ಲ, ಅದರೊಳಗೇ ಇರುಳರು ಅನ್ನುವ ಹಾವು ಹಿಡಿಯುವ ಬುಡಕಟ್ಟಿನವರ ಸಹಕಾರ ಸಂಘದವರು ಹಾವಿನ ವಿಷ ತೆಗೆದು ತೋರಿಸುತ್ತಾರೆ. ಮಗ ಹಟ ಹಿಡಿದ. ಹೊರಗೇ ಕೂರ್ತೀನಿ ಅಂದಿದ್ದ ಅತ್ತೆ ಬಿಸಿಲು ತಡೆಯಲಾಗದೆ ಒಳಗೆ ಬಂದರು.

ಅತ್ತೆಯ ಅಣ್ಣ ಕಟ್ಟು ಹಾವು ಕಚ್ಚಿ ಹೋದವರು. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದರಂತೆ. ಈ ಹಾವು ಓಡಾಡುವುದು ರಾತ್ರಿ ಹೊತ್ತು. ಕಚ್ಚಿದ್ದು ಎಷ್ಟೋ ಸಲ ಗೊತ್ತೇ ಆಗುವುದಿಲ್ಲ, ಊತವೂ ಇರುವುದಿಲ್ಲ. ಬೆಳಿಗ್ಗೆ ಹೊಟ್ಟೆನೋವು ಅಂದರಂತೆ, ಆಮೇಲೆ ಕಣ್ಣಿನ ರೆಪ್ಪೆ ಎತ್ತುವುದಕ್ಕೇ ಆಗಲಿಲ್ಲ, ಆಗಲೂ ಆಸ್ಪತ್ರೆಗೆ ಹೋಗದೆ ಮಂತ್ರ ಹಾಕಿಸೋಕೆ ಕರೆದುಕೊಂಡು ಹೋದರು.

ಒಳಗೆ ಬಾಯಿಗೆ ಬಟ್ಟೆ ಕಟ್ಟಿದ ಮಣ್ಣಿನ ಮಡಕೆಗಳು. ಒಂದೊಂದರಲ್ಲೂ ಹಾವು. ನಾಗರಹಾವು ಹೆಡೆ ಎತ್ತಿತು, ಕೊಳಕುಮಂಡಲ ಎಲ್ಲರಿಗೂ ಕೇಳುವ ಹಾಗೆ ಬುಸುಗುಟ್ಟಿತು. ನಮ್ಮ ಹಿಂದೆ ಕೂತಿದ್ದವರೊಬ್ಬರು ಅದನ್ನು ಕೆಣಕಿ, ಕೆಣಕಿ ಅಂತ ಕೂಗುತ್ತಲೇ ಇದ್ದರು. ಪಕ್ಕದಲ್ಲಿ ಅವರದೇ ಮಕ್ಕಳು. ನನಗೆ ಬಹಳ ಬೇಜಾರಾಯಿತು. ಹಾವು ಹಿಡಿದಿದ್ದವರು ಆ ಕಡೆ ತಿರುಗಿಯೂ ನೋಡಲಿಲ್ಲ. ತಲೆಯನ್ನು ಮೆಲ್ಲಗೆ ಹಿಡಿದು, ಗಾಜಿನ ಲೋಟದ ಬಾಯಿಗೆ ಬಿಗಿದ ತೆಳು ಹಾಳೆಯನ್ನು ಕಚ್ಚಿಸಿದರು. ಹಳದಿ ಹನಿ ಇಳಿಯಿತು. ಅಷ್ಟೇ ಅಷ್ಟು!

ಕಟ್ಟು ಹಾವನ್ನು ಹೊರಗೆ ತೆಗೆದಾಗ ಅತ್ತೆ ನನ್ನ ಕೈ ಹಿಡಿದುಕೊಂಡರು. ಕಪ್ಪು ಮೈ, ಸಣ್ಣ ಬಿಳಿ ಪಟ್ಟೆ. ಅದು ಯಾರ ಮೇಲೂ ಬರಲಿಲ್ಲ. ಹಗಲಿನ ಬೆಳಕಿಗೆ ಸುರುಳಿ ಸುತ್ತಿಕೊಂಡು, ತನ್ನ ತಲೆಯನ್ನು ಮೈಯ ಕೆಳಗೆ ಬಚ್ಚಿಟ್ಟುಕೊಂಡಿತು. ಅಷ್ಟು ವರ್ಷ ಅತ್ತೆ ಹೆದರಿದ್ದು ಇದಕ್ಕೇ.

ಕೆಲವು ವಾರ ಇಟ್ಟುಕೊಂಡು ವಿಷ ತೆಗೆದ ಮೇಲೆ, ಹೊಟ್ಟೆಯ ಹುರುಪೆಯ ಮೇಲೆ ಗುರುತು ಮಾಡಿ ಕಾಡಿಗೆ ಬಿಡ್ತೀವಿ ಅಂತ ಅವರು ಹೇಳುತ್ತಿದ್ದರು. ನಾದಿನಿ ಕನ್ನಡದಲ್ಲಿ ಹೇಳಿದಳು. ಆಗ ಅತ್ತೆ ಕೇಳಿದ್ದು, "ಕಟ್ಟು ಹಾವನ್ನೂ ಬಿಡ್ತೀರಾ?"

"ಅದನ್ನೂ ಅಮ್ಮ. ಅದರ ಜಾಗಕ್ಕೆ ಅದು ಹೋಗಬೇಕಲ್ವಾ?"

ಅತ್ತೆ ಮತ್ತೆ ಕೇಳಿದರು, "ಈ ವಿಷ ನಮ್ಮ ಕಡೆಗೂ ಬರುತ್ತಾ?" ಬರುತ್ತೆ ಅಂದರು. ನಮ್ಮ ದೇಶದಲ್ಲಿ ಹಾವು ಕಡಿತದ ಔಷಧಕ್ಕೆ ಬೇಕಾದ ವಿಷದ ಬಹುಪಾಲು ಹೋಗುವುದು ಈ ಸಂಘದಿಂದಲೇ. ಅದನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಅದರ ರಕ್ತದಿಂದ ಆ ಔಷಧ, ಅಂದರೆ ಆಂಟಿವೆನಮ್, ಮಾಡುತ್ತಾರೆ. ನಾಗರಹಾವು, ಕಟ್ಟು ಹಾವು, ಕೊಳಕುಮಂಡಲ, ಗರಗಸಮಂಡಲ, ನಾಲ್ಕಕ್ಕೂ ಒಂದೇ ಇಂಜೆಕ್ಷನ್. ಅಂದರೆ ಅತ್ತೆಯ ಅಣ್ಣನಿಗೆ ಬೇಕಾಗಿದ್ದ ಔಷಧ ಹುಟ್ಟುವುದೂ ಈ ಹಾವಿನ ಬಾಯಿಂದಲೇ. ಅದು ನನಗೆ ಇನ್ನೂ ಅರಗಿಲ್ಲ.

ಇರುಳರು ಮೊದಲು ಹಾವಿನ ಚರ್ಮಕ್ಕಾಗಿ ಹಿಡಿಯುತ್ತಿದ್ದವರು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ದಂಧೆ ನಿಂತಿತು, ಹೊಟ್ಟೆಪಾಡೂ ಹೋಯಿತು. 1978ರಲ್ಲಿ ಈ ಸಂಘ ಶುರುವಾಯಿತು. 2023ರಲ್ಲಿ ಇದೇ ಇರುಳ ಸಮುದಾಯದ ಹಾವು ಹಿಡಿಯುವವರಾದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಇಬ್ಬರಿಗೂ ಪದ್ಮಶ್ರೀ ಬಂತು. ಅವರ ಹೆಸರು ನಮ್ಮ ಮಕ್ಕಳಿಗೆ ಗೊತ್ತಿರಬೇಕಿತ್ತು. ನಮ್ಮೂರುಗಳಲ್ಲಿ ಹೊಲದಲ್ಲಿ ದುಡಿಯುವವರು, ನೆಲದ ಮೇಲೆ ಮಲಗುವವರು ಬದುಕಿ ಉಳಿಯುವುದು ಇಂಥವರ ಕೈಯಿಂದ. ಕರ್ನಾಟಕದಲ್ಲಿ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ ಆಗಿದ್ದು 2024ರಲ್ಲಿ. ಅದಕ್ಕೂ ಮುಂಚೆ ಊರಲ್ಲೇ ಸತ್ತು ಊರಲ್ಲೇ ಮಣ್ಣಾದವರು ಯಾವ ಲೆಕ್ಕದಲ್ಲಿದ್ದರು?

ನಿನ್ನೆ ಅತ್ತೆ ಊರಿಗೆ ಫೋನ್ ಮಾಡಿದ್ದರು, ಅಣ್ಣನ ಮಗನಿಗೆ. ಮಂಚ ತಗೋ, ಸೊಳ್ಳೆಪರದೆಯನ್ನು ಹಾಸಿಗೆ ಕೆಳಗೆ ಸಿಕ್ಕಿಸಿಕೊಂಡು ಮಲಗು, ರಾತ್ರಿ ಟಾರ್ಚ್ ಇಲ್ಲದೆ ಹೊರಗೆ ಹೋಗಬೇಡ ಅಂದರು. ಹತ್ತಿರದ ಆಸ್ಪತ್ರೆಯಲ್ಲಿ ಆ ಇಂಜೆಕ್ಷನ್ ಇದೆಯಾ ಅಂತ ಕೇಳಿದರು. ಇರಬಹುದು ಅಂದನಂತೆ. "ಇರಬಹುದು ಅಲ್ಲ ಕಣೋ, ನಾಳೆ ಹೋಗಿ ಕೇಳ್ಕೊಂಡು ಬಾ."