ಮೆಮೊರಿ ಬೇಕಾದಷ್ಟು ಉಂಟು, ಥ್ರೆಡ್ ಮಾತ್ರ ಹುಟ್ಟುವುದಿಲ್ಲ

ಜಾವಾ ಸರ್ವಿಸ್ ಒಂದು ‘ಔಟ್ ಆಫ್ ಮೆಮೊರಿ’ ಎಂದು ಬರೆದು ಬಿದ್ದರೆ, ನಮ್ಮ ಮಂಗಳೂರಿನ ಆಫೀಸುಗಳಲ್ಲಿ ರಾತ್ರಿ ಪಾಳಿಯವರ ಕೈ ಮೊದಲು ಹೋಗುವುದು ಹೀಪ್ (ಜಾವಾ ತನ್ನ ಡೇಟಾ ಇಡುವ ಮೆಮೊರಿ) ಸೈಜಿನ ಕಡೆಗೆ. ಅದೇ ಸಾಲಿನ ಬಾಲ ಓದಿ. ‘ಅನೇಬಲ್ ಟು ಕ್ರಿಯೇಟ್ ನೇಟಿವ್ ಥ್ರೆಡ್’ (ಹೊಸ ಥ್ರೆಡ್, ಅಂದರೆ ಪ್ರೊಸೆಸ್ ಒಳಗೆ ಓಡುವ ಕೆಲಸದ ಎಳೆ, ಹುಟ್ಟಿಸಲಾಗುತ್ತಿಲ್ಲ) ಅಂತ ಇದ್ದರೆ ಹೀಪ್ ಮುಟ್ಟಬೇಡಿ. ಅಲ್ಲಿ ಮುಗಿದಿರುವುದು ಹೆಚ್ಚಿನ ಸಲ ಮೆಮೊರಿಯಲ್ಲ, ಥ್ರೆಡ್‌ಗಳ ಎಣಿಕೆಯ ಮಿತಿ.

ಯಾಕೆಂದರೆ ಲಿನಕ್ಸಿನ ತಿರುಳಾದ ಕರ್ನಲ್ಲಿಗೆ ಥ್ರೆಡ್ ಎಂಬುದು ಪ್ರೊಸೆಸ್ಸಿಗಿಂತ ಬೇರೆ ಜಾತಿಯಲ್ಲ. ಅದಕ್ಕೆ ಗೊತ್ತಿರುವುದು ಟಾಸ್ಕ್. ಪ್ರತಿ ಟಾಸ್ಕಿಗೂ ಒಂದು ‘ಟಾಸ್ಕ್ ಸ್ಟ್ರಕ್ಟ್’, ಅಂದರೆ ಅದರ ವಿವರಗಳ ದಾಖಲೆ: ಓಡುತ್ತಿದೆಯೋ ಮಲಗಿದೆಯೋ, ಶೆಡ್ಯೂಲರ್ ಸರದಿಯಲ್ಲಿ ಅದರ ಲೆಕ್ಕವೆಷ್ಟು, ಹೆಸರೇನು (15 ಅಕ್ಷರ ದಾಟಿದರೆ ಕತ್ತರಿ), ಜೊತೆಗೆ ಮೆಮೊರಿ ನಕ್ಷೆಗೆ ಒಂದು ಪಾಯಿಂಟರ್, ತೆರೆದ ಫೈಲುಗಳ ಪಟ್ಟಿಗೆ ಇನ್ನೊಂದು. ಫೋರ್ಕ್ ಮಾಡಿದರೆ (ಹೊಸ ಪ್ರೊಸೆಸ್ ಹುಟ್ಟಿಸಿದರೆ) ಇವೆರಡರದ್ದೂ ಹೊಸ ಪ್ರತಿ ಆಗುತ್ತದೆ. ಥ್ರೆಡ್ ಹುಟ್ಟಿಸುವಾಗ ಲೈಬ್ರರಿಯು ಕ್ಲೋನ್ ಕರೆಗೆ ಕೆಲವು ಫ್ಲಾಗ್ ಕೊಟ್ಟು, ಇದ್ದದ್ದನ್ನೇ ಹಂಚಿಕೊಳ್ಳುವ ಹಾಗೆ ಮಾಡುತ್ತದೆ. ವ್ಯತ್ಯಾಸ ಅಷ್ಟೇ.

ಗುರುತಿನ ಸಂಖ್ಯೆಯಲ್ಲಿ ಮಾತ್ರ ಒಂದು ಗೊಂದಲ ಉಂಟು. ಕರ್ನಲ್ ಒಳಗೆ ಪ್ರತಿ ಟಾಸ್ಕಿಗೂ ಅದರದ್ದೇ ಪಿಐಡಿ. ನಾವು ಹೊರಗಿನಿಂದ ಪಿಐಡಿ ಎನ್ನುವುದು ಅಲ್ಲಿ ಟಿಜಿಐಡಿ, ಅಂದರೆ ಗುಂಪಿನ ಸಂಖ್ಯೆ. ಹಾಗಾಗಿ ಪ್ರೊಸೆಸ್ ಪಟ್ಟಿ ತೋರಿಸುವ ಪಿಎಸ್ ಕಮಾಂಡನ್ನು ಬರೀ ಹಾಗೇ ಕೊಟ್ಟರೆ ಒಂದೇ ಸಾಲು ಕಾಣುತ್ತದೆ, ಅದರ ಹಿಂದೆ ನಾಲ್ಕು ಸಾವಿರ ಟಾಸ್ಕ್ ಇರಬಹುದು. ಉಡುಪಿ ಎಕ್ಸ್‌ಪ್ರೆಸ್ಸಿನ ಕಂಡಕ್ಟರ್ ಲೆಕ್ಕ ಹಾಕುವುದು ತಲೆಗಳನ್ನು, ಸಂಸಾರಗಳನ್ನಲ್ಲ. ಕರ್ನಲ್ಲಿನ ಮಿತಿಗಳೂ ಹಾಗೆಯೇ. ತಲೆ ನೋಡಬೇಕಾದರೆ ಪಿಎಸ್‌ಗೆ ದೊಡ್ಡ ಎಲ್ ಸೇರಿಸಿ, ಇಲ್ಲವೇ ಕರ್ನಲ್ ತನ್ನ ಲೆಕ್ಕ ತೋರಿಸುವ ಫೋಲ್ಡರ್ ಆದ ಪ್ರೋಕ್‌ನಲ್ಲಿ ಆ ಪಿಐಡಿಯ ಕೆಳಗಿರುವ ‘ಟಾಸ್ಕ್’ ಫೋಲ್ಡರ್ ಎಣಿಸಿ.

ಈಗ ತಡೆ ಎಲ್ಲಿ ಅಂತ ಹುಡುಕುವ ಕ್ರಮ. ಮೊದಲು ‘ಸಿಸ್ಟಮ್‌ಸಿಟಿಎಲ್ ಸ್ಟೇಟಸ್’ ಜೊತೆ ಸರ್ವಿಸಿನ ಹೆಸರು ಕೊಟ್ಟು ‘ಟಾಸ್ಕ್ಸ್’ ಸಾಲು ನೋಡಿ. ಪಕ್ಕದ ಲಿಮಿಟ್ 4915 ಅಂತ ಇದ್ದರೆ ಅದು ಯಾರೋ ಯೋಚಿಸಿ ಹಾಕಿದ್ದಲ್ಲ: ಹಳೆಯ ಡೀಫಾಲ್ಟ್ ಪಿಐಡಿ ಮಿತಿ 32768, ಅದರ 15 ಶೇಕಡಾ. ಸರ್ವಿಸ್‌ಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ತಾನಾಗಿಯೇ ಹಾಕಿಕೊಂಡ ಮಿತಿ. ಇದಕ್ಕೆ ಬಡಿದಿದ್ದರೆ ಕರ್ನಲ್ ಲಾಗಿನಲ್ಲಿ ‘ಫೋರ್ಕ್ ರಿಜೆಕ್ಟೆಡ್ ಬೈ ಪಿಡ್ಸ್ ಕಂಟ್ರೋಲರ್’ ಎಂದು ಸಿಗುತ್ತದೆ. ಸರ್ವಿಸಿನ ಸೆಟ್ಟಿಂಗ್ ಇರುವ ಯುನಿಟ್ ಫೈಲಿನಲ್ಲಿ ‘ಟಾಸ್ಕ್ಸ್‌ಮ್ಯಾಕ್ಸ್’ ಹೆಚ್ಚಿಸಿ.

ಅದಲ್ಲದಿದ್ದರೆ ಬಳಕೆದಾರನ ಮಿತಿ. ಇದರ ಹೆಸರು ‘ಮ್ಯಾಕ್ಸ್ ಪ್ರೊಸೆಸಸ್’, ಎಣಿಸುವುದು ಥ್ರೆಡ್‌ಗಳನ್ನೂ ಸೇರಿಸಿ. ಅದೂ ಒಂದು ಸರ್ವಿಸಿನದ್ದಲ್ಲ, ಆ ಯೂಸರಿನ ಎಲ್ಲವೂ. ಒಂದೇ ಯೂಸರಿನಲ್ಲಿ ಮೂರು ಸರ್ವಿಸ್ ಓಡಿಸಿದರೆ ಒಂದರ ತಪ್ಪಿಗೆ ಇನ್ನೊಂದು ಬೀಳುತ್ತದೆ. ಇಲ್ಲಿ ಪದೇ ಪದೇ ಆಗುವ ತಪ್ಪು: ‘ಲಿಮಿಟ್ಸ್ ಡಾಟ್ ಕಾನ್ಫ್’ ತಿದ್ದಿ, ರೀಸ್ಟಾರ್ಟ್ ಮಾಡಿ, ಸರಿಯಾಯಿತು ಅಂದುಕೊಳ್ಳುವುದು. ಆ ಫೈಲನ್ನು ಓದುವುದು ಲಾಗಿನ್ ಸಮಯದಲ್ಲಿ ಪ್ಯಾಮ್ ಎಂಬ ಲಾಗಿನ್ ವ್ಯವಸ್ಥೆ. ಸಿಸ್ಟಮ್‌ಡಿ ಎಬ್ಬಿಸುವ ಸರ್ವಿಸಿಗೆ ಸಾಮಾನ್ಯವಾಗಿ ಅದು ತಾಗುವುದೇ ಇಲ್ಲ; ಅದರ ಯುನಿಟ್ ಫೈಲಿನಲ್ಲಿ ‘ಲಿಮಿಟ್‌ಎನ್‌ಪ್ರಾಕ್’ ಬೇಕು. ತಿದ್ದಿದ ಮೇಲೆ ಪ್ರೋಕ್‌ನಲ್ಲಿ ಆ ಪಿಐಡಿಯ ‘ಲಿಮಿಟ್ಸ್’ ಫೈಲ್ ತೆರೆದು ನೋಡಿ. ನಂಬಬೇಕಾದದ್ದು ಅದನ್ನೊಂದೇ.

ಇಡೀ ಯಂತ್ರದ ಪಿಐಡಿ ಮಿತಿಗೆ ಬಡಿಯುವುದು ಅಪರೂಪ. ಮೂವತ್ತು ಸಾವಿರದ ಆಸುಪಾಸಿನಲ್ಲಿ ಒಂದೇ ಪ್ರೊಸೆಸ್ ನಿಂತುಬಿಟ್ಟರೆ ‘ಮ್ಯಾಕ್ಸ್ ಮ್ಯಾಪ್ ಕೌಂಟ್’ (ಒಂದು ಪ್ರೊಸೆಸ್ಸಿಗೆ ಎಷ್ಟು ಮೆಮೊರಿ ತುಂಡು, ಅಂದರೆ ಮ್ಯಾಪಿಂಗ್, ಎಂಬ ಮಿತಿ) ನೋಡಿ: ಹಲವು ಕಡೆ ಡೀಫಾಲ್ಟ್ 65530, ಒಂದೊಂದು ಥ್ರೆಡ್ಡಿನ ಸ್ಟ್ಯಾಕ್ (ಅದರ ತಾತ್ಕಾಲಿಕ ಕೆಲಸದ ಜಾಗ) ಮತ್ತು ಅದರ ಕಾವಲಿನ ಗಾರ್ಡ್ ಪೇಜ್ ಸೇರಿ ಎರಡು ಮ್ಯಾಪಿಂಗ್ ತಿನ್ನುತ್ತವೆ.

ಮಿತಿ ಏರಿಸುವ ಮೊದಲು ಖರ್ಚು ಗೊತ್ತಿರಲಿ. 8 ಎಂಬಿ ಯೂಸರ್ ಸ್ಟ್ಯಾಕ್ ನೋಡಿ ಹೆದರುವುದು ಬೇಡ, ಅದು ಬರೀ ವಿಳಾಸದ ಜಾಗ. ಮುಟ್ಟಿದಷ್ಟಕ್ಕೆ ಮಾತ್ರ ರ‍್ಯಾಮ್. ನಿಜವಾದ ಖರ್ಚು ಕರ್ನಲ್ ಸ್ಟ್ಯಾಕಿನದ್ದು. 64 ಬಿಟ್ ಇಂಟೆಲ್, ಎಎಂಡಿ ಯಂತ್ರಗಳಲ್ಲಿ ಟಾಸ್ಕಿಗೆ 16 ಕೆಬಿ, ಸ್ವಾಪಿಗೆ (ಡಿಸ್ಕಿಗೆ) ಹೋಗುವ ಹಾಗಿಲ್ಲ. ಮಲಗಿದ ಥ್ರೆಡ್ಡಿಗೂ ಅಷ್ಟೇ. ಹತ್ತು ಸಾವಿರ ಥ್ರೆಡ್ ಎಂದರೆ 156 ಎಂಬಿ ಸುಮ್ಮನೆ ಹೋಯಿತು. ಪ್ರೋಕ್ ಒಳಗಿನ ಮೆಮ್‌ಇನ್ಫೋದಲ್ಲಿ ‘ಕರ್ನಲ್ ಸ್ಟ್ಯಾಕ್’ ಸಾಲು ದಿನದಿಂದ ದಿನಕ್ಕೆ ಏರುತ್ತಿದ್ದರೆ ಎಲ್ಲೋ ಥ್ರೆಡ್ ಸೋರುತ್ತಿದೆ ಎಂದರ್ಥ. ಆಗ ಮಿತಿ ಏರಿಸುವುದು, ಸೋರುವ ಮಾಡಿನ ಕೆಳಗೆ ದೊಡ್ಡ ಬಕೆಟ್ ಇಟ್ಟ ಹಾಗೆ.

ಇನ್ನೊಂದು, ಮಳೆಗಾಲದ್ದು. ಲೈನ್ ಹೋಗಿ, ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ದೂರದ ಎನ್‌ಎಫ್‌ಎಸ್ ಸ್ಟೋರೇಜ್ ಉತ್ತರ ಕೊಡದಿದ್ದರೆ ಲೋಡ್ ಆವರೇಜ್ (ಯಂತ್ರದ ಸರಾಸರಿ ಹೊರೆ) 60 ತೋರಿಸುತ್ತದೆ, ಸಿಪಿಯು ಆರಾಮಾಗಿ ಖಾಲಿ ಕೂತಿರುತ್ತದೆ. ಲಿನಕ್ಸ್ ಆ ಲೆಕ್ಕಕ್ಕೆ ಓಡುವವರ ಜೊತೆ ‘ಡಿ’ ಸ್ಥಿತಿಯಲ್ಲಿ (ಸ್ಟೋರೇಜಿನಂಥವುಗಳ ಉತ್ತರಕ್ಕೆ, ನಡುವೆ ಎಬ್ಬಿಸಲಾಗದ ಹಾಗೆ) ಕಾಯುವವರನ್ನೂ ಸೇರಿಸುವುದರಿಂದ ಹೀಗೆ. ಕೋರ್ ಹೆಚ್ಚಿಸಿ ಏನೂ ಪ್ರಯೋಜನವಿಲ್ಲ ಮಾರಾಯ್ರೆ. ಡಿ ಸ್ಥಿತಿಯ ಟಾಸ್ಕಿಗೆ ‘ಕಿಲ್ 9’ (ಬಲವಂತವಾಗಿ ಮುಗಿಸುವ ಸಿಗ್ನಲ್) ಕೂಡ ಹಲವು ಸಲ ತಾಗುವುದಿಲ್ಲ. ಸಿಗ್ನಲ್ ಬಾಗಿಲಲ್ಲೇ ಕಾಯುತ್ತದೆ. 2008ರ 2.6.25 ಕರ್ನಲ್ಲಿನಿಂದ ‘ಕಿಲ್ಲಬಲ್’ ಎಂಬ, ಕಾಯುತ್ತಿರುವಾಗಲೂ ಕೊಲ್ಲಬಹುದಾದ ಬಗೆ ಬಂದಿದೆ, ಎನ್‌ಎಫ್‌ಎಸ್ ಅದನ್ನು ಬಳಸುತ್ತದೆ, ಹಾಗಾಗಿ ಒಮ್ಮೆ ಪ್ರಯತ್ನಿಸುವುದರಲ್ಲಿ ತಪ್ಪಿಲ್ಲ. ಆಗದಿದ್ದರೆ ರೂಟ್ (ಯಂತ್ರದ ಮುಖ್ಯ ಯೂಸರ್) ಆಗಿ ಪ್ರೋಕ್‌ನಲ್ಲಿ ಆ ಟಾಸ್ಕಿನ ‘ಸ್ಟ್ಯಾಕ್’ ಫೈಲ್ ಓದಿ. ಎನ್‌ಎಫ್‌ಎಸ್ ಅಥವಾ ಆರ್‌ಪಿಸಿ ಹೆಸರಿನ ಫಂಕ್ಷನ್‌ಗಳು ಕಂಡರೆ ಸರ್ವರ್ ಬಿಟ್ಟು ನೆಟ್‌ವರ್ಕಿನವರಿಗೆ ಫೋನ್ ಮಾಡಿ.